ಗಂಗತ್ತಿಯ ಕುಸುರೆಳ್ಳು

ಸಕ್ಕರೆ ಪಾಕ ಬಿಸಿ ತಾಮ್ರಕ್ಕೆ ಬಿದ್ದಾಗ ಏಳುವ ವಾಸನೆ ಇದೆಯಲ್ಲ, ಅದು ಮೂಗಿಗೆ ತಾಗಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಂಕ್ರಮಣ ಅಂದರೆ ನಿಮಗೆಲ್ಲ ಬಾಯಲ್ಲಿ ನೀರೂರಬಹುದು. ನನಗೆ ನೆನಪಾಗುವುದು ಅಕ್ಕೋಳದ ನಮ್ಮ ಮನೆಯ ಪಡಸಾಲೆ, ಅಲ್ಲಿ ಕೆಂಡದ ಶಿಗಡಿಯ ಮುಂದೆ ಕೂತ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ನನ್ನ ಅಕ್ಷರದಲ್ಲಿದ್ದ ಒಂದು ಪತ್ರ. ಚಳಿ ಬಿದ್ದ ಕೂಡಲೇ ಆಯಿ ಕುಸುರೆಳ್ಳಿಗೆ ಕೂಡುತ್ತಿದ್ದಳು. ಕೆಂಡದ ಮೇಲೆ ತಾಮ್ರದ ಅಗಲ ತಟ್ಟೆ, ಅಂದರೆ ಪರಾತ, ಅದರಲ್ಲಿ ಹುರಿದ ಎಳ್ಳು, ಪಕ್ಕದಲ್ಲಿ ಪಾಕದ ಬಟ್ಟಲು. ಒಂದೊಂದೇ ಚಮಚ ಪಾಕ ಬಿಡುತ್ತಾ, ಬೆರಳ ತುದಿಯಿಂದ ಆಡಿಸುತ್ತಾ, ಮೂರು ನಾಲ್ಕು ಬೆಳಗು ಹಾಗೇ ಕೂರಬೇಕು. ಚಳಿ ಹೆಚ್ಚಿದಷ್ಟೂ ಎಳ್ಳಿನ ಮೈಮೇಲೆ ಬಿಳಿ ಮುಳ್ಳು ಚೆನ್ನಾಗಿ ಏಳುತ್ತದೆ. ಅವಸರ ಮಾಡಿದಿರೋ, ಎಲ್ಲಾ ಗಂಟು. ನನ್ನ ಅವ್ವನಿಗೆ ಅದು ಕೈಹತ್ತಲಿಲ್ಲ, ಚಿಕ್ಕಪ್ಪನ ಹೆಂಡತಿ ಕಾಕಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೈಹತ್ತಿದ್ದು ಅಪ್ಪನ ತಂಗಿ ಗಂಗತ್ತಿಗೆ ಮಾತ್ರ. ಅವಳನ್ನು ಮುಗಳಖೋಡಕ್ಕೆ ಕೊಟ್ಟಿದ್ದರು.

ಆಯಿ ಹೋದ ಮೇಲೆ ಅತ್ತಿಯನ್ನು ಹಬ್ಬಕ್ಕೆ ಕರೆಯುವುದೂ ನಿಂತುಹೋಯಿತು. ಯಾರೂ ಜಗಳ ಆಡಿದ್ದಲ್ಲ. ಕರೆಯುವುದನ್ನು ಮರೆತರು, ಅಷ್ಟೇ. ಜಗಳವಾಗಿದ್ದರೆ ವಾಸಿಯಿತ್ತು, ಒಂದು ದಿನ ಯಾರಾದರೂ ಹೋಗಿ ಸಮಾಧಾನ ಮಾಡುತ್ತಿದ್ದರು. ಹೀಗೆ ನಾಲ್ಕೈದು ವರ್ಷ ಕಳೆದವು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಏಳನೇ ಇಯತ್ತೆ. ಅಪ್ಪ ಮತ್ತು ಕಾಕಾ ಮನೆ ಮಾರಲು ನಿಂತರು. ಬಡತನ ಬಂದಿತ್ತು ಅಂದುಕೊಳ್ಳಬೇಡಿ. ಕಬ್ಬು, ತಂಬಾಕು ಎರಡೂ ಕೈಹಿಡಿದಿದ್ದವು. ಇಬ್ಬರಿಗೂ ನಿಪ್ಪಾಣಿಯಲ್ಲಿ ಸ್ಲ್ಯಾಬಿನ ಮನೆ ಬೇಕಾಗಿತ್ತು, ಅದೂ ಬೇರೆ ಬೇರೆ. ತಂಬಾಕಿನ ವ್ಯಾಪಾರಿಯೊಬ್ಬ ನಮ್ಮ ಮನೆಯನ್ನು ವಖಾರಕ್ಕೆ, ಅಂದರೆ ಮಾಲು ತುಂಬುವ ಗೋದಾಮಿಗೆ ಅಂತ ಕೇಳಿದ. ಧನುರ್ಮಾಸದಲ್ಲಿ ಕಾಗದಪತ್ರ ಬೇಡ, ಸಂಕ್ರಮಣ ದಾಟಲಿ ಅಂದ. ಮನೆ ಆಯಿಯ ಹೆಸರಿನಲ್ಲಿತ್ತು, ಹಾಗಾಗಿ ಮಗಳ ಸಹಿಯೂ ಬೇಕಾಯಿತು. ಆಗ ನೆನಪಾದಳು ನೋಡಿ ಗಂಗತ್ತಿ!

"ಸುಮೀ, ನಿನ್ನ ಅಕ್ಷರ ಚಂದ ಅದಾವ. ಸಂಕ್ರಮಣಕ್ಕ ಬಾ ಅಂತ ಅತ್ತಿಗೆ ಬರಿ," ಅಂದ ಅಪ್ಪ.

"ಸಹಿ ಬೇಕಾಗೇತಿ ಅಂತ ಬರೀಲೇನು?"

"ಅದನ್ಯಾಕ ಬರೀತಿ ಹುಚ್ಚಿ!" ಕಾಕಾ ನಕ್ಕ. "ಬರ್ಲಿ ಮೊದಲ. ಎಳ್ಳ ಬೆಲ್ಲ ಕೊಟ್ಟು ತಗೊಂಡ ಮ್ಯಾಲ ಒಲ್ಲೆ ಅನ್ನಾಕ ಬರ್ತೈತೇನು?"

ನಮ್ಮಲ್ಲಿ ಆ ದಿನ ಎಳ್ಳು ಹಂಚಿಕೊಂಡವರು ಒಬ್ಬರಿಗೊಬ್ಬರು ಕಟುವಾಗಿ ಮಾತಾಡುವಂತಿಲ್ಲ. ಹಗೆಯವನ ಮನೆಗೂ ಎಳ್ಳು ಒಯ್ಯುತ್ತಾರೆ. ಕಾಕಾ ಆ ಪದ್ಧತಿಯನ್ನೇ ನೆಚ್ಚಿಕೊಂಡಿದ್ದ. ನಾನು ಬರೆದೆ. ಮೂರು ಸಾಲಿಗೆ ಪತ್ರ ಮುಗಿದು ಕಾಗದ ಬೋಳುಬೋಳಾಗಿ ಕಂಡಿತು. ಅತ್ತಿ ಬರದೆ ಹೋದರೆ ಅನ್ನುವ ಹೆದರಿಕೆಯೂ ಇತ್ತು, ನನಗೆ ಅವಳೆಂದರೆ ಪ್ರಾಣ. ಯಾರಿಗೂ ಹೇಳದೆ ನನ್ನದೊಂದು ಸಾಲು ಸೇರಿಸಿದೆ: "ಅಪ್ಪ ದಿನಾಲು ನಿನ್ನ ನೆನೆಸುತ್ತಾನೆ, ನಿನ್ನ ಹೆಸರು ತೆಗೆದರೆ ಕಣ್ಣಲ್ಲಿ ನೀರು ತರುತ್ತಾನೆ."

ಭೋಗಿಯ ದಿನ ಅತ್ತಿ ಬಸ್ಸಿಳಿದು ಬಂದಳು. ಕೈಯಲ್ಲಿ ಡಬ್ಬಿ ತುಂಬ ಕುಸುರೆಳ್ಳು, ಒಂದೊಂದೂ ಮಲ್ಲಿಗೆ ಮೊಗ್ಗಿನಷ್ಟು ಬಿಳಿ. ದಾರಕ್ಕೆ ಪೋಣಿಸಿ ನನಗೊಂದು ಸರವನ್ನೂ ಮಾಡಿ ತಂದಿದ್ದಳು. ಬಂದವಳೇ ಅಡಿಗೆಮನೆ, ದೇವರಮನೆ, ಹಿತ್ತಲು ಎಲ್ಲ ತಿರುಗಿ, ಆಯಿ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತಳು. "ಅಣ್ಣಾ, ನನ್ನ ಇಷ್ಟ ನೆನಸ್ತೀ ಅಂತ ಗೊತ್ತಿದ್ದಿಲ್ಲ ನೋಡು," ಅಂದಳು. ಅಪ್ಪನಿಗೆ ಏನೂ ತಿಳಿಯಲಿಲ್ಲ. ನೆಲ ನೋಡುತ್ತಾ "ಹೂಂ" ಅಂದ. ನಾನು ಸರ ಹಿಡಿದುಕೊಂಡು ಹಿತ್ತಲಿಗೆ ಓಡಿದೆ.

ಮರುದಿನ ಸಜ್ಜಿ ರೊಟ್ಟಿ, ಮಾದಲಿ ಉಂಡಾದ ಮೇಲೆ ಅತ್ತಿ ಅಣ್ಣಂದಿರಿಬ್ಬರ ಅಂಗೈಗೆ ಕುಸುರೆಳ್ಳು ಹಾಕಿ ಕಾಲಿಗೆ ಬಿದ್ದಳು. ಕಾಕಾ ಅದನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಕಿಸೆಯಿಂದ ಕಾಗದ ತೆಗೆದ. "ಇದಕ್ಕೊಂದ ಸಹಿ ಮಾಡವಾ. ನಾಳೆ ಚಿಕ್ಕೋಡಿ ಕಚೇರಿಗಿ ಹೋಗಿ ಬಂದ್ಬಿಡೂಣು." ನಾಲ್ಕನೇ ಇಯತ್ತೆ ಕಲಿತವಳು ಅತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ ಅಣ್ಣಂದಿರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆಮೇಲೆ "ಎಲ್ಲಿ ಮಾಡ್ಲಿ?" ಅಂದು ಕೇಳಿ ಸಹಿ ಹಾಕಿದಳು. ಆಯಿಯ ಪರಾತವೊಂದನ್ನು ಕೊಟ್ಟರೆ ಸಾಕು ಅಂದಳು. ಅದನ್ನು ಪಾತ್ರೆ ಮಾರುವ ಬೋಗಾರನಿಗೆ ಹಾಕಿ ಸ್ಟೀಲಿನ ಡಬ್ಬಿ ತಗೊಂಡಿದ್ದೇವೆ ಅಂತ ಕಾಕಿ ಹೇಳಿದಳು. "ಹೌದಾ? ಛಲೋ ಆತ ಬಿಡು," ಅಂದಳು ಅತ್ತಿ. ಮರುದಿನ ಚಿಕ್ಕೋಡಿಯ ಕೆಲಸ ಮುಗಿಸಿ ಅಲ್ಲಿಂದಲೇ ಮುಗಳಖೋಡದ ಬಸ್ಸು ಹತ್ತಿದಳು. ನಿಪ್ಪಾಣಿಯ ಹೊಸ ಮನೆಗೆ ಅವಳು ಒಮ್ಮೆಯೂ ಕಾಲಿಡಲಿಲ್ಲ. ಅಕ್ಕೋಳದ ಮನೆಯ ಪಡಸಾಲೆಯ ತುಂಬ ತಂಬಾಕಿನ ಬೋದ, ಅಂದರೆ ಮೂಟೆಗಳು ಬಿದ್ದವು. ಮುಂದೆ ಒಮ್ಮೆ ನಾನು ಹೋಗಿ ಬಾಗಿಲಲ್ಲಿ ನಿಂತರೆ ಸೀನು ಬಂತೇ ಹೊರತು ಒಳಗೆ ಏನೂ ಗುರುತು ಸಿಗಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ, ನನ್ನ ಮದುವೆಯೂ ಆಗಿತ್ತು, ಸಂಕ್ರಮಣದ ಮುಂದೆ ಮುಗಳಖೋಡಕ್ಕೆ ಹೋದೆ. ಅತ್ತಿ ಶಿಗಡಿಯ ಮುಂದೆ ಕೂತಿದ್ದಳು. ಕೂದಲೆಲ್ಲ ಹಣ್ಣಾಗಿತ್ತು, ಬೆರಳು ಮಾತ್ರ ಹಾಗೇ ಆಡುತ್ತಿದ್ದವು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಅತ್ತಿ, ಅಪ್ಪ ಕಣ್ಣಾಗ ನೀರ ತರ್ತಾನ ಅಂತ ಬರೆದದ್ದು ನಾನ. ಅಪ್ಪ ಹೇಳಿದ್ದಿಲ್ಲ. ಸುಳ್ಳ ಅದು."

"ಗೊತ್ತೈತಿ," ಅಂದಳು ಅತ್ತಿ, ಪರಾತದಿಂದ ಕೈ ತೆಗೆಯದೆ. "ನಿಮ್ಮಪ್ಪ ಹೂಂ ಅಂದಾಗನ ಗೊತ್ತಾತು."

ನನಗೆ ಅಳು ಬಂತು. ಅತ್ತಿ ಮತ್ತೊಂದು ಚಮಚ ಪಾಕ ಬಿಟ್ಟಳು.

"ಸಹಿಗೆ ಬಾ ಅಂತ ಬರೆದಿದ್ರೂ ನಾ ಬರ್ತಿದ್ನೆಲ್ಲ ಸುಮೀ. ಅಣ್ಣ ಕರದ್ರ ಬರೂದಿಲ್ಲೇನು? ಕುಸುರೆಳ್ಳಷ್ಟ ಮಾಡ್ಕೊಂಡ ಬರ್ತಿದ್ದಿಲ್ಲ."