ಬಾರದ ವಿಮಾನಕ್ಕೆ ನೆಟ್ಟ ಗೂಟಗಳು

2005ರ ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರಕ್ಕೆ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ನಾಗಭೂಷಣ ಅಂಕಲ್ ಮನೆ ಮುಂದೆ ಕಾರು ನಿಲ್ಲಿಸಿದೆ. ಮೂರು ಡಿಗ್ರಿ ಚಳಿ. ಅವರು ಆಗಲೇ ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಸಣ್ಣ ಸೂಟ್‌ಕೇಸ್, ಕಂಕುಳಲ್ಲಿ ನಕ್ಷೆಗಳ ದಪ್ಪ ಸುರುಳಿ. ಸೂಟ್‌ಕೇಸನ್ನು ಡಿಕ್ಕಿಗೆ ಹಾಕಲು ಬಿಟ್ಟರು. ನಕ್ಷೆಗಳನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡರು.

ಸಿಡ್ನಿಗೆ ಎಂಟುನೂರ ಎಂಬತ್ತು ಕಿಲೋಮೀಟರ್. ಅಂಕಲ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ತಿಂಗಳಾಗಿರಲಿಲ್ಲ. ಅದಕ್ಕೇ ನಾನು ಎರಡು ದಿನ ರಜೆ ಹಾಕಿ ಡ್ರೈವ್ ಮಾಡಲು ಒಪ್ಪಿದ್ದೆ.

ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ತಗಡಿನ ಕೆಲಸ ಕಲಿತು, ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು, ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಹುಬ್ಬಳ್ಳಿಯಿಂದ ಓದಲು ಬಂದ ನನಗೆ ಮೊದಲ ವರ್ಷ ಅವರ ಹೆಂಡತಿ ಸುಮಿತ್ರಾ ಆಂಟಿಯೇ ಭಾನುವಾರದ ಊಟ ಹಾಕಿದ್ದು. ಇಲ್ಲೇ ಖಾಯಂ ನೆಲೆಸಲು ನನಗೆ ಪಿಆರ್ ಸಿಕ್ಕ ದಿನ ಹೋಳಿಗೆ ಮಾಡಿದ್ದರು.

ಕಾಂಕಾರ್ಡ್ ವಿಮಾನ ಲೋಕ ಸುತ್ತುತ್ತ ಒಮ್ಮೆ ಸಿಡ್ನಿಗೆ ಬಂದಾಗ ಗಂಡಹೆಂಡತಿ ಬೇಲಿಯಾಚೆ ನಿಂತು ನೋಡಿದ್ದರಂತೆ. ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಆ ವಿಮಾನಗಳು 2003ರಲ್ಲಿ ಹಾರಾಟ ನಿಲ್ಲಿಸಿದವು. ಒಂದೊಂದೂ ಒಂದೊಂದು ಊರಿನ ಮ್ಯೂಸಿಯಂ ಸೇರತೊಡಗಿತು. ಸಿಡ್ನಿಯ ಪಶ್ಚಿಮಕ್ಕಿರುವ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಏಳೆಂಟು ಮಂದಿ ನಿವೃತ್ತ ಕೆಲಸಗಾರರು ಸಂಘ ಕಟ್ಟಿಕೊಂಡು, ಒಂದನ್ನಾದರೂ ಇಲ್ಲಿಗೆ ತಂದು ನಿಲ್ಲಿಸಬೇಕೆಂದು ಹೊರಟರು. ಅದನ್ನು ಕೆಡದಂತೆ ಕಾಪಾಡುವ ಯೋಜನೆ ಬರೆಯುವ ಹೊಣೆ, ಮೆಲ್ಬರ್ನ್‌ನಿಂದಲೇ ಸಂಘ ಸೇರಿದ್ದ ಅಂಕಲ್ ಪಾಲಿಗೆ ಬಂತು.

ಹಿಂದಿನ ನವೆಂಬರಿನಲ್ಲಿ ಅವರು ಜಾಗ ಅಳೆದು ಗುರುತು ಹಾಕಲು ಸಿಡ್ನಿಗೆ ಹೋಗಿದ್ದರು. ಆಂಟಿ ಆಗ ಮೆಲ್ಬರ್ನಿನಲ್ಲೇ, ಬಾಕ್ಸ್ ಹಿಲ್‌ನ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಚೆನ್ನಾಗಿ ಆಗಿತ್ತು. "ಹೋಗಿ ಬನ್ನಿ" ಎಂದು ಅವರೇ ಕಳಿಸಿದ್ದರು. ಅಂಕಲ್ ಹೋದ ಎರಡನೆಯ ದಿನ ಸಂಜೆ ಆಂಟಿ ತೀರಿಕೊಂಡರು. ಹತ್ತಿರ ಕೂತಿದ್ದವಳು ನಾನು. ಅಂಕಲ್ ಮೊಬೈಲು ಕಾರಿನಲ್ಲಿತ್ತು, ಅವರು ಬಯಲಿನಲ್ಲಿದ್ದರು. ಅವರು ಬಂದಾಗ, "ನಿದ್ದ್ಯಾಗ ಹೋದ್ರು ಅಂಕಲ್" ಎಂದಿದ್ದೆ. ಅದು ಸುಳ್ಳು.

ಹೀಗೆ ನಾವಿಬ್ಬರೂ ಸಂಘದ ಸಭೆಗೆಂದು ಉತ್ತರಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಂಜು, ಎರಡೂ ಬದಿಗೆ ಮಳೆಯಿಲ್ಲದೆ ಕಂದಿದ ಹುಲ್ಲುಗಾವಲು, ಬೇಲಿಗೆ ಒತ್ತಿಕೊಂಡು ನಿಂತ ಕುರಿಗಳು. ಆಲ್ಬರಿಯಲ್ಲಿ ಪೆಟ್ರೋಲ್ ಹಾಕಿಸಿದೆವು. ಅಂಕಲ್ ಉತ್ಸಾಹದಲ್ಲಿದ್ದರು.

"ಹಾರುವಾಗ ಮೈ ಎಷ್ಟು ಬಿಸಿ ಆಗ್ತಿತ್ತು ಗೊತ್ತಾ? ಒಂದು ಗೇಣು ಉದ್ದ ಆಗೋದು ವಿಮಾನ. ಕೆಳಗೆ ಇಳಿದ್ಮೇಲೆ ಮತ್ತೆ ಮೊದಲಿನ ಅಳತೆ."

"ಹಂಗಾರ ನಿಂತಲ್ಲೇ ನಿಂತ್ರ ಏನಾಗತೈತ್ರಿ?"

"ತೇವ ಕೂತ್ಕೊಳುತ್ತಮ್ಮ. ಎಂಜಿನ್ ಬಾಯಲ್ಲಿ ಹಕ್ಕಿ ಗೂಡು ಕಟ್ಟುತ್ತೆ. ಎಣ್ಣೆ ಎಲ್ಲ ಬಸಿದು, ತೂತು ಮುಚ್ಚಿ, ಒಳಗೆ ಒಣಗಾಳಿ ಬಿಡ್ಬೇಕು. ಟೈರಿನ ಮೇಲೆ ಭಾರ ಬೀಳದ ಹಾಗೆ ಸ್ಟ್ಯಾಂಡ್ ಕೊಡ್ಬೇಕು. ಮೇಲೊಂದು ಸೂರು ಬೇಕೇ ಬೇಕು. ಹಾರೋದನ್ನ ನೋಡ್ಕೊಳೋದಕ್ಕಿಂತ ನಿಂತಿದ್ದನ್ನ ನೋಡ್ಕೊಳೋದು ಕಷ್ಟ."

ಮಧ್ಯಾಹ್ನದ ಊಟಕ್ಕೆ ಹಾಲ್‌ಬ್ರೂಕ್ ಎಂಬ ಊರಿನಲ್ಲಿ ನಿಂತೆವು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಈ ಊರಿನ ಹೆದ್ದಾರಿ ಪಕ್ಕದಲ್ಲಿ, ಹುಲ್ಲಿನ ಮೇಲೆ, ನಿವೃತ್ತ ಜಲಾಂತರ್ಗಾಮಿಯೊಂದನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಅದರ ಎದುರಿನ ಬೆಂಚಿನಲ್ಲಿ ಕೂತು ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಅಂಕಲ್ ಅರ್ಧ ಚಪಾತಿ ಬಿಟ್ಟು ಎದ್ದು ಹೋಗಿ, ಕಪ್ಪು ಬಣ್ಣದ ಮೈಯನ್ನು ಉಗುರಿನಿಂದ ಕೆರೆದು ನೋಡಿ ಬಂದರು.

"ಇಲ್ಲಿಗೆ ಸಬ್‌ಮರೀನ್ ಬಂದಿದೆ. ಅಲ್ಲಿಗೆ ವಿಮಾನ ಯಾಕೆ ಬರಲ್ಲ, ಹೇಳು?"

ಸಂಜೆ ಆರರ ಹೊತ್ತಿಗೆ ಸಿಡ್ನಿಯ ಹೊರವಲಯದ ಲಿವರ್‌ಪೂಲ್ ಬಳಿಯ ಮೋಟೆಲ್ ಸೇರಿದೆವು. ರೂಮಿಗೆ ಎಪ್ಪತ್ತು ಡಾಲರ್. ಹೀಟರ್ ಗರಗರ ಸದ್ದು ಮಾಡುತ್ತಿತ್ತು, ಬೆಚ್ಚಗಾಗಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ವಿಮಾನ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಭೆ. ಅಂಕಲ್ ಬಿಟ್ಟರೆ ಎಲ್ಲರೂ ಬಿಳಿಯರು, ಎಲ್ಲರ ತಲೆಯೂ ನರೆತಿತ್ತು. ಸಂಘದ ಮುಖ್ಯಸ್ಥ ಕೆನ್ ಎಂಬಾತ ನನಗೂ ಒಂದು ಕಪ್ ಚಹಾ ಕೊಟ್ಟ. ಅಂಕಲ್ ನಕ್ಷೆ ಬಿಚ್ಚಲು ಹೊರಟಾಗ ಅವರ ಕೈ ಹಿಡಿದು ತಡೆದು, ಮೊದಲು ಇದನ್ನು ಕೇಳು ಎಂದು ಒಂದು ಪತ್ರ ಓದಿದ.

ಪತ್ರ ಇಂಗ್ಲೆಂಡಿನಿಂದ, ವಿಮಾನದ ಒಡೆತನದ ಕಂಪನಿಯಿಂದ ಬಂದದ್ದು. ಮರ್ಯಾದೆಯಿಂದಲೇ ಬರೆದಿದ್ದರು. ಇಷ್ಟು ದೂರ ಹಡಗಿನಲ್ಲಿ ಕಳಿಸಬೇಕಾದರೆ ರೆಕ್ಕೆಗಳನ್ನು ಕತ್ತರಿಸಬೇಕಾಗುತ್ತದೆ, ಅದಕ್ಕೆ ಒಪ್ಪಿಗೆಯಿಲ್ಲ, ಈ ವಿಷಯ ಇಲ್ಲಿಗೆ ಮುಗಿಯಿತು. ಕೆನ್ ಪತ್ರ ಮಡಚಿ ಇನ್ನೊಂದು ಮಾತು ಸೇರಿಸಿದ: ವಿಮಾನ ಬರುವುದಿಲ್ಲವಾದ್ದರಿಂದ ನಿಲ್ದಾಣದವರು ಆ ಜಾಗವನ್ನು ಬಾಡಿಗೆ ಕಾರುಗಳ ಪಾರ್ಕಿಂಗಿಗೆ ಕೊಟ್ಟಿದ್ದಾರೆ. ಸೋಮವಾರ ಕೆಲಸ ಶುರು.

"ರೆಕ್ಕೆ ಕತ್ತರಿಸಿ ತಂದರೂ ಜೋಡಿಸಬಹುದು," ಎಂದು ಅಂಕಲ್ ಇಂಗ್ಲಿಷಿನಲ್ಲಿ ಹೇಳಿದರು. "ಹೇಗೆಂದು ನಾನು ಬರೆದಿದ್ದೇನೆ. ಇಲ್ಲಿದೆ."

ಕೆನ್ ಪತ್ರವನ್ನು ಲಕೋಟೆಗೆ ಸೇರಿಸಿದ. ಪತ್ರ ಬಂದು ಎಷ್ಟು ದಿನವಾಯಿತು ಎಂದು ಅಂಕಲ್ ಕೇಳಿದರು. ಮೂರು ವಾರ ಎಂದ ಕೆನ್. ಫೋನಿನಲ್ಲಿ ನಿನಗೆ ಹೇಳಲು ನನ್ನಿಂದಾಗಲಿಲ್ಲ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಸಂಘವನ್ನು ಮುಚ್ಚಲು ಎಲ್ಲರೂ ಕೈ ಎತ್ತಿದರು. ಕೊನೆಗೆ ಅಂಕಲ್ ತಾವೂ ಎತ್ತಿದರು.

ಅವರು ಜಾಗ ನೋಡಬೇಕೆಂದರು. ರನ್‌ವೇಯ ತುದಿಯ ಬೇಲಿಯ ಹೊರಗೆ ಅರವತ್ತೆರಡು ಮೀಟರ್ ಉದ್ದಕ್ಕೂ, ರೆಕ್ಕೆ ಇದ್ದಲ್ಲಿ ಇಪ್ಪತ್ತಾರು ಮೀಟರ್ ಅಗಲಕ್ಕೂ, ಕಿತ್ತಳೆ ರಿಬ್ಬನ್ ಕಟ್ಟಿದ ಮರದ ಗೂಟಗಳು. ಚೂಪು ಮೂಗು, ಹಿಂದೆ ಅಗಲವಾಗುತ್ತ ಹೋದ ರೆಕ್ಕೆ, ಎಲ್ಲ ನೆಲದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ನವೆಂಬರಿನಲ್ಲಿ ಅಂಕಲ್ ನೆಟ್ಟಿದ್ದವು.

"ಸೋಮವಾರ ಯಾರೋ ಬಂದು ಕೀಳೋದು ಬೇಡ. ನಾವೇ ತೆಗೆದುಬಿಡೋಣ," ಎಂದರು.

ನಾನು ಮೂಗಿನ ಕಡೆಯಿಂದ, ಅವರು ಬಾಲದ ಕಡೆಯಿಂದ ಕೀಳುತ್ತ ಬಂದೆವು. ನೆಲ ಗಟ್ಟಿಯಾಗಿತ್ತು, ಒಂದೊಂದನ್ನೂ ಅಲ್ಲಾಡಿಸಿ ಅಲ್ಲಾಡಿಸಿ ಎಳೆಯಬೇಕಿತ್ತು. ನಡುವೆ ಒಂದೆಡೆ ಇಬ್ಬರೂ ಎದುರಾದೆವು. ಅಂಕಲ್ ಮಂಡಿಯೂರಿದ್ದವರು ಏಳಲಿಲ್ಲ.

"ವಿದ್ಯಾ, ನಿಜ ಹೇಳಮ್ಮ. ಅವತ್ತು ಅವಳು ನಿದ್ದೇಲೇ ಹೋದ್ಲಾ?"

"ಈಗ ಯಾಕ ಕೇಳ್ತೀರಿ ಅಂಕಲ್?"

"ವಿಮಾನ ಬಂದಿದ್ರೆ ಕೇಳ್ತಿರ್ಲಿಲ್ಲ."

ಎಂಟು ತಿಂಗಳು ಹೊತ್ತ ಮಾತನ್ನು ಇನ್ನು ಹೊರಲು ನನಗೂ ಆಗಲಿಲ್ಲ.

"ಇಲ್ರಿ. ಎಚ್ಚರ ಇದ್ರು. ಮಧ್ಯಾಹ್ನದಿಂದ ಮೂರು ಸರ್ತಿ ನಿಮ್ಮನ್ನ ಕೇಳಿದ್ರು. ಹಾಸಗಿ ತಲಿ ಕಡೆ ಎತ್ತಿಸಿಕೊಂಡು ಕಿಟಕ್ಯಾಗಿಂದ ರೋಡ್ ನೋಡಾಕತ್ತಿದ್ರು. ನಿಮ್ಮ ಕಾರ್ ಯಾವ ಕಲರ್ ಅಂತ ನನ್ನ ಕೇಳಿದ್ರು. ನೆನಪು ಹಾರಿತ್ತೇನೋ."

"ನೀಲಿ," ಎಂದರು ಅಂಕಲ್.

ಕೈಯಲ್ಲಿದ್ದ ಗೂಟ ಕೆಳಗಿಟ್ಟು ಕೇಳಿದರು: "ಸಿಟ್ಟು ಮಾಡ್ಕೊಂಡ್ಲಾ?"

"ಇಲ್ರಿ. 'ಅಳತೆ ಸರಿ ಬರೋ ತನಕ ಅವ್ರು ಅಲ್ಲಿಂದ ಏಳಲ್ಲ ಬಿಡು' ಅಂದ್ರು."

ಅಂಕಲ್ ಎರಡೂ ಅಂಗೈಗಳನ್ನು ನೆಲಕ್ಕೂರಿ ಕೂತರು. ತಲೆಯ ಮೇಲೆ ಒಂದು ಸಣ್ಣ ತರಬೇತಿ ವಿಮಾನ ಎರಡು ಸಲ ಸುತ್ತಿ ಇಳಿಯಿತು. ಅವರು ತಲೆ ಎತ್ತಿ ನೋಡಲಿಲ್ಲ. ಉಳಿದ ಗೂಟಗಳನ್ನು ಕೀಳಲು ಕೆನ್ ಬಂದ. ಮೂವರೂ ಸೇರಿ ಮುಗಿಸಿ, ಕಟ್ಟು ಕಟ್ಟಿ ಶೆಡ್ಡಿನ ಮೂಲೆಗೆ ಇಟ್ಟೆವು. ನಕ್ಷೆಗಳನ್ನು ಅಂಕಲ್ ಅಲ್ಲೇ ಬಿಟ್ಟರು.

ಶನಿವಾರ ನಸುಕಿಗೇ ಹೊರಟೆವು. ಗಂಡಗೈ ಎಂಬ ಊರಿನ ಹತ್ತಿರ ಮಳೆ ಹಿಡಿಯಿತು. ಹಾಲ್‌ಬ್ರೂಕ್‌ನಲ್ಲಿ, "ಚಹಾಕ್ಕ ನಿಲ್ಲಸ್ಲೇನ್ರಿ?" ಎಂದೆ. ಬೇಡ ಎಂದು ತಲೆಯಾಡಿಸಿದರು. ರಾಜ್ಯದ ಗಡಿ ದಾಟಿದೆವು. ವೈಪರ್ ಸದ್ದಿನಲ್ಲಿ ನಾಲ್ಕೈದು ತಾಸು ಕಳೆಯಿತು. ಹೇಳಬಾರದಿತ್ತೇನೋ ಎಂದು ಒಮ್ಮೆ, ಆಗಲೇ ಹೇಳಬೇಕಿತ್ತು ಎಂದು ಇನ್ನೊಮ್ಮೆ ಅನಿಸುತ್ತಿತ್ತು.

ಮೆಲ್ಬರ್ನ್ ಸಮೀಪಿಸಿದಾಗ ಅವರೇ ಬಾಯಿಬಿಟ್ಟರು.

"ಬಾಕ್ಸ್ ಹಿಲ್ ಕಡೆ ಹೋಗ್ತೀಯಾ? ಅವತ್ತು ನಾನು ಬರೋ ಹೊತ್ತಿಗೆ ಅವಳನ್ನ ಕೆಳಗೆ ಮಾರ್ಚುರಿಗೆ ತಂದುಬಿಟ್ಟಿದ್ರು. ನಾನು ಸಿಡ್ನಿಗೆ ಹೋದ್ಮೇಲೆ ಅವಳನ್ನ ಹಾಕಿದ್ದ ಆ ಹೊಸ ರೂಮು ನಾನು ನೋಡೇ ಇಲ್ಲ."

"ದಣಿದೀರಿ. ನಾಳೆ ಹೋಗೋಣ್ರಿ."

"ಇವತ್ತೇ, ಪ್ಲೀಸ್."

ಸಂಜೆ ಐದೂವರೆ. ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಇಬ್ಬರೂ ಇಳಿದೆವು. ಜಿನುಗು ಮಳೆಯಿತ್ತು. ಒಳಗೆ ಹೋಗೋಣವೇ ಎಂದರೆ, ಬೇರೆ ಯಾರೋ ಮಲಗಿರುತ್ತಾರೆ, ಬೇಡ ಎಂದರು. "ಯಾವ ಕಿಟಕಿ?" ಎಂದು ಕೇಳಿದರು. ನಾಲ್ಕನೆಯ ಮಹಡಿ, ಎಡಗಡೆಯಿಂದ ಮೂರನೆಯದು ಎಂದು ತೋರಿಸಿದೆ. ಅಲ್ಲಿ ದೀಪ ಉರಿಯುತ್ತಿತ್ತು. ಅಂಕಲ್ ಬಸ್ ಸ್ಟಾಪಿನ ಸೂರಿನ ಕೆಳಗೆ ನಿಂತು ನೋಡತೊಡಗಿದರು.

ಕಾರು ನಿಲ್ಲಿಸಬಾರದ ಜಾಗವದು. ಸರಿಯಾದ ಕಡೆ ನಿಲ್ಲಿಸಿ ಬರುತ್ತೇನೆಂದು ಹೇಳಿ ಹೊರಟೆ. ತಿರುವಿನಲ್ಲಿ ಸಿಗ್ನಲ್ ಕೆಂಪಾಯಿತು. ಕನ್ನಡಿಯಲ್ಲಿ ಹಿಂದೆ ನೋಡಿದೆ. ಅಂಕಲ್ ಸೂರು ಬಿಟ್ಟು ಫುಟ್‌ಪಾತಿನ ಅಂಚಿಗೆ, ಬೀದಿ ದೀಪದ ಕೆಳಗೆ ಬಂದು ನಿಂತಿದ್ದರು. ಮೇಲಿನಿಂದ ಯಾರಾದರೂ ನೋಡಿದರೆ ಕಾಣುವ ಹಾಗೆ, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.