ಭಾವನ ಅಂಗಡಿಗೆ ಬಂದ ಒಂದು ನಕ್ಷತ್ರ

ಬೆಳಿಗ್ಗೆ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಸಾಲು ಅಂಗಡಿಗಳ ಬೀದಿಯಲ್ಲಿ ಎಲ್ಲರ ಷಟರೂ ಇಳಿದಿದೆ. ಬೀಗ ರಿಪೇರಿ ಅಂಗಡಿಯ ಮುಂದೆ ಹೆಂಗಸೊಬ್ಬಳು ಮಂಡಿ ಬಗ್ಗಿಸಿ, ಜಾಲರಿ ಷಟರಿನ ಸಂದಿಗೆ ಕಣ್ಣಿಟ್ಟು ಒಳಗೆ ಇಣುಕುತ್ತಿದ್ದಾಳೆ. ಗೊತ್ತಿಲ್ಲದವರು ನೋಡಿದರೆ ಕಳ್ಳಿ ಎಂದೇ ತಿಳಿಯಬೇಕು. ಅದೂ ಬೀಗದ ಅಂಗಡಿಗೇ ಕನ್ನ ಹಾಕಲು ಬಂದ ಗಟ್ಟಿಗಿತ್ತಿ. ಬೀದಿ ಗುಡಿಸುವಾಕೆಗೆ ಮಾತ್ರ ವಿಷಯ ಗೊತ್ತು. ಪೊರಕೆ ನಿಲ್ಲಿಸಿ ಕೇಳುತ್ತಾಳೆ: "ಏನ್ ನಕ್ಷತ್ರದಕ್ಕ, ತಿರುಗಿತಾ?"

"ಇಲ್ಲ ಕಣೇ. ಇವತ್ತೂ ಗೋಡೆ ಕಡೆನೇ ಇದೆ."

ತಿರುಗಬೇಕಾಗಿರುವುದು ಕೌಂಟರಿನ ಮೇಲಿನ ಒಂದು ಪುಟ್ಟ ಪರದೆ. ಅಂಗಡಿಗೆ ಬಂದುಹೋದ ಗಿರಾಕಿಗಳಲ್ಲಿ ಕೊನೆಯ ಏಳು ಜನ ಬರೆದ ಮಾತು ಅದರಲ್ಲಿ ಇರುತ್ತದೆ, ಪಕ್ಕದಲ್ಲಿ ಅವರು ಕೊಟ್ಟ ನಕ್ಷತ್ರ, ಒಂದರಿಂದ ಐದರವರೆಗೆ. ಬೀದಿಯಲ್ಲಿ ಹೋಗುವವರು ಓದಲಿ ಎಂದೇ ಅದನ್ನು ಇಟ್ಟಿರುವುದು, ಅಂಗಡಿ ಮುಚ್ಚಿದ ಮೇಲೂ ಉರಿಯುತ್ತಿರುತ್ತದೆ. ಈ ಅಂಗಡಿಯ ಪರದೆ ಒಂಬತ್ತು ದಿನಗಳಿಂದ ಬೀದಿಗೆ ಬೆನ್ನು ತೋರಿಸಿ ಕೂತಿದೆ. ಬೆಳಕೆಲ್ಲ ಒಳಗೋಡೆಗೆ ನೇತುಹಾಕಿದ ಕೀಲಿಗಳ ಮೇಲೆ ಬೀಳುತ್ತಿದೆ. ತಿರುಗಿಸಿಟ್ಟವರು ಅಂಗಡಿಯ ಯಜಮಾನರು. ಯಜಮಾನರು ಈಕೆಯ ಸ್ವಂತ ಅಕ್ಕನ ಗಂಡ.

ಈಕೆಯ ಕಸುಬನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಮಗಳ ಶಾಲೆಯ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂದಿದ್ದ ಕಡೆ ಏನು ತುಂಬಬೇಕೋ ತಿಳಿಯದೆ ಗಂಡ 'ವಿಚಾರಿಸುವುದು' ಎಂದು ಬರೆದು ಬಂದಿದ್ದಾನೆ. ಹಾಗೆ ನೋಡಿದರೆ ಅದೇ ಸರಿ. ಅಂಗಡಿಯಿಂದ ಅಂಗಡಿಗೆ ಹೋಗಿ, ನಿನ್ನೆ ಬಂದ ಗಿರಾಕಿಗಳಲ್ಲಿ ಒಪ್ಪಿಗೆ ಕೊಟ್ಟವರ ಫೋನ್ ನಂಬರು ಬರೆದುಕೊಳ್ಳುತ್ತಾಳೆ. ಒಬ್ಬೊಬ್ಬರಿಗೂ ಫೋನು ಮಾಡಿ ಕೆಲಸ ಹೇಗಾಯಿತು ಎಂದು ವಿಚಾರಿಸುತ್ತಾಳೆ. ಅವರು ಹೇಳಿದ್ದನ್ನು ರಿವ್ಯೂ ಮಾಡಿಸಿ ಅಂಗಡಿಯ ಪರದೆಗೂ ಇಂಟರ್‌ನೆಟ್ಟಿನ ಪುಟಕ್ಕೂ ಹಾಕುತ್ತಾಳೆ. ಒಟ್ಟು ಇಪ್ಪತ್ತಾರು ಅಂಗಡಿ: ಕನ್ನಡಕ, ಹಾಸಿಗೆ, ಪಂಪು ರಿಪೇರಿ, ಡ್ರೈವಿಂಗ್ ಸ್ಕೂಲು, ಹಲ್ಲಿನ ಡಾಕ್ಟರು. ದಿನಕ್ಕೆ ಅರವತ್ತು ಫೋನು. ಎತ್ತುವವರು ಇಪ್ಪತ್ತೆರಡೋ ಇಪ್ಪತ್ತಮೂರೋ. ಅವರಲ್ಲಿ ಅರ್ಧ ಜನ ಸಾಲ ಕೊಡುವವರು ಎಂದುಕೊಂಡು ಕಟ್ ಮಾಡುತ್ತಾರೆ. ಬಾಯಿ ಬಿಡುವವರು ಏಳೆಂಟು ಜನ. ಬರೆಯುವಷ್ಟು ಪುಣ್ಯ ಕಟ್ಟಿಕೊಳ್ಳುವವರು ನಾಲ್ವರು.

ಕೂತಲ್ಲಿ ಕೂರುವ ಜಾಯಮಾನವಲ್ಲ. ಹಾಸಿಗೆ ಅಂಗಡಿಯಲ್ಲಿ ಮೂವತ್ತು ಹಾಸಿಗೆ ಹಾಸಿದ್ದರೂ ಈಕೆ ನಿಂತೇ ಫೋನು ಮಾಡುತ್ತಾಳೆ, ಇಲ್ಲವೆಂದರೆ ಬಾಗಿಲಿಂದ ಕೌಂಟರಿಗೆ, ಕೌಂಟರಿಂದ ಬಾಗಿಲಿಗೆ ನಡೆಯುತ್ತಾಳೆ. ಈ ಒಂಬತ್ತು ದಿನದಲ್ಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗಾಗಿದೆ. ಮಾತಿನ ನಡುವೆ ನಾಲ್ಕು ಸಲ ಫೋನು ತಿರುವಿ ನೋಡುತ್ತಾಳೆ, ಕಾಫಿ ತರಿಸಿಕೊಂಡು ಮರೆತು ಹೋಗುತ್ತಾಳೆ, ಆರಿದ ಮೇಲೆ ಗಟಗಟನೆ ಕುಡಿದು ಮುಖ ಹಿಂಡುತ್ತಾಳೆ.

"ನಕ್ಷತ್ರ ಎಷ್ಟು ಕೊಡ್ತೀರಾ ಅಂತ ಬಾಯಿತಪ್ಪಿಯೂ ಕೇಳಬಾರದು. ಏನಾಯ್ತು ಹೇಳಿ ಅನ್ನಬೇಕು," ಎನ್ನುತ್ತಾಳೆ. "ನಕ್ಷತ್ರ ಕೇಳಿದ್ರೆ ದಾಕ್ಷಿಣ್ಯಕ್ಕೆ ಐದು ಕೊಟ್ಟು ಕೈ ತೊಳ್ಕೊಳ್ತಾರೆ. ಏನಾಯ್ತು ಅಂತ ಕೇಳಿದ್ರೆ ನಿಜ ಹೊರಗೆ ಬರುತ್ತೆ."

ಟೈಪ್ ಮಾಡಲು ಬಾರದವರು ಹೇಳುತ್ತಾ ಹೋದರೆ ಈಕೆ ಬರೆದುಕೊಳ್ಳುತ್ತಾಳೆ. ಬರೆದ ಮೇಲೆ ತಪ್ಪದೆ ಒಂದು ಕೆಲಸ ಮಾಡುತ್ತಾಳೆ: "ಓದಿ ಹೇಳ್ತೀನಿ, ಸರಿ ಇದೆಯಾ ನೋಡಿ." ಆ ಕಡೆಯವರು ಸರಿ ಅಂದ ಮೇಲೆಯೇ ಬರೆದದ್ದನ್ನು ಅವರ ಫೋನಿಗೆ ಕಳಿಸುವುದು. ಒತ್ತುವ ಬೆರಳು ಅವರದೇ ಆಗಿರಬೇಕು. ಒಮ್ಮೆ ಕನ್ನಡಕದ ಅಂಗಡಿಯನ್ನು ಹಾಡಿ ಹೊಗಳಿದ ಅಜ್ಜ ಒಂದೇ ನಕ್ಷತ್ರ ಒತ್ತಿದ್ದರು. ಕೇಳಿದರೆ, "ಫಸ್ಟ್ ಅಂದ್ರೆ ಒಂದು ತಾನೇ ಅಮ್ಮ?" ಅಂದರಂತೆ. ಅವರಿಂದಲೇ ತಿದ್ದಿಸಲು ಎರಡು ದಿನ ಹಿಡಿಯಿತು.

ಅಂಗಡಿಯವರ ಜೊತೆ ಮಾಡಿಕೊಳ್ಳುವ ಕರಾರು ಅರ್ಧ ಪುಟದ್ದು. ಬಂದ ಮಾತನ್ನು ಬಂದ ಕ್ರಮದಲ್ಲೇ ಹಾಕಲಾಗುವುದು. ಒಳ್ಳೆಯದನ್ನು ಮೇಲಕ್ಕೆ ಎಳೆಯುವಂತಿಲ್ಲ, ಕೆಟ್ಟದ್ದನ್ನು ತೆಗೆಯುವಂತಿಲ್ಲ. ಪರದೆ ಆರಿಸುವಂತಿಲ್ಲ. ಬೇಕಿದ್ದರೆ ಕೆಳಗೆ ಅಂಗಡಿಯವರು ಉತ್ತರ ಕೊಡಬಹುದು. ಇದನ್ನು ಓದಿ ಮುಖ ತಿರುಗಿಸಿದ ಅಂಗಡಿಗಳೇ ಹೆಚ್ಚು. ಇನ್ನು ಸಹಿ ಹಾಕಿದವರೂ ಮೊದಲ ಎರಡು ನಕ್ಷತ್ರದ ರಿವ್ಯೂ ಬಂದ ದಿನ ಇವಳ ತಲೆ ತಿನ್ನದೆ ಬಿಡುವುದಿಲ್ಲ.

ಇಷ್ಟು ಹಟ ಎಲ್ಲಿಂದ ಬಂತು ಎಂದರೆ ಈಕೆ ಕಿಟಕಿಯಾಚೆ ನೋಡುತ್ತಾಳೆ. ಆಮೇಲೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ, ಬೇಗ ಮುಗಿದರೆ ಸಾಕು ಎನ್ನುವ ಹಾಗೆ. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕಿದ್ದದ್ದು ಹೊಗಳಿಕೆಯ ಕಾರ್ಖಾನೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಹನ್ನೆರಡು ಹುಡುಗಿಯರು, ತಲೆಗೆ ದಿನಕ್ಕೆ ಎಂಬತ್ತು ಸುಳ್ಳು ರಿವ್ಯೂ. "ಮಿಕ್ಸಿ ಕಣ್ಣಲ್ಲಿ ಕಂಡಿಲ್ಲ, 'ನಮ್ಮತ್ತೆಗೆ ತುಂಬಾ ಇಷ್ಟ ಆಯ್ತು' ಅಂತ ಬರೀತಿದ್ದೆ. ಆಗ ನನಗೆ ಮದುವೇನೇ ಆಗಿರ್ಲಿಲ್ಲ!"

ಒಂದು ದಿನ ಅಕ್ಕ ಖುಷಿಯಿಂದ ಫೋನು ಮಾಡಿದಳು. ಸ್ನಾನದ ಮನೆಗೆ ಹೊಸ ಹೀಟರ್ ಕೊಂಡಿದ್ದಾಳೆ; ಜನ ಹೊಗಳಿದ್ದನ್ನು ಓದಿಯೇ ಕೊಂಡದ್ದು. ನಂಬದಿದ್ದರೆ ಕೇಳು ಎಂದು ಒಂದನ್ನು ಓದಿಯೂ ಹೇಳಿದಳು. 'ಮಕ್ಕಳಿರುವ ಮನೆಗೆ ಇದಕ್ಕಿಂತ ಸುರಕ್ಷಿತವಾದದ್ದು ಇಲ್ಲ.' ತಂಗಿ ಬರೆದ ಸಾಲು. ತಂಗಿ ತುಟಿ ಬಿಚ್ಚಲಿಲ್ಲ. ಮೂರನೇ ತಿಂಗಳಿಗೆ ಹೀಟರಿನ ಕೊಳವೆ ಕಿತ್ತುಕೊಂಡು ಕುದಿನೀರು ಅಕ್ಕನ ಎಡಗಾಲಿನ ಮೇಲೆ ಸುರಿಯಿತು. ಒಂದು ತಿಂಗಳು ಅಕ್ಕ ಮಂಚ ಹಿಡಿದಳು. ಆ ಒಂದು ತಿಂಗಳು ಕಾಲಿಗೆ ಮುಲಾಮು ಹಚ್ಚಿದವಳು ಈ ತಂಗಿಯೇ. ಹಚ್ಚಿದ್ದಷ್ಟೇ, ಹೇಳಲಿಲ್ಲ. ಕೆಲಸ ಬಿಟ್ಟಳು.

"ಇಪ್ಪತ್ತಾರು ಅಂಗಡಿಯೋರಿಗೆ ನಿಜ ಹಾಕಿ ಅಂತ ಪಾಠ ಹೇಳ್ತೀನಿ. ಅಕ್ಕನಿಗೆ ಮಾತ್ರ ಹೇಳೋ ಧೈರ್ಯ ಬರ್ಲಿಲ್ಲ ನೋಡಿ," ಎನ್ನುತ್ತಾ ಮತ್ತೆ ಎದ್ದು ನಿಲ್ಲುತ್ತಾಳೆ.

ಧೈರ್ಯ ಬಂದದ್ದು ಒಂಬತ್ತು ದಿನದ ಹಿಂದೆ, ಅದೂ ಜಗಳದಲ್ಲಿ. ಎಂದಿನಂತೆ ಭಾವನ ಅಂಗಡಿಯ ಗಿರಾಕಿ ಟೀಚರೊಬ್ಬರಿಗೆ ಫೋನು ಮಾಡಿ, ಏನಾಯ್ತು ಹೇಳಿ ಎಂದಳು. ಟೀಚರ್ ಹೇಳಿದರು. ಈಕೆ ಬರೆದುಕೊಂಡಳು. ರೂಢಿಯಂತೆ ಓದಿಯೂ ಹೇಳಿದಳು: 'ಹತ್ತು ನಿಮಿಷದಲ್ಲಿ ಹೊಸ ಬೀಗ ಕೂರಿಸಿಕೊಟ್ಟರು. ಆದರೆ ಒಂದು ಸ್ಕ್ರೂ ಹಾಕಿರಲಿಲ್ಲ. ಸಂಜೆ ಬೀಗ ಸಡಿಲವಾಗಿ ಬಾಗಿಲು ತೆರೆದುಕೊಂಡಿತು. ನನ್ನ ತಾಯಿಗೆ ಮರೆವಿನ ಕಾಯಿಲೆ. ಹೊರಗೆ ಹೋಗಿಬಿಟ್ಟರು. ಎರಡು ಗಂಟೆ ಹುಡುಕಿದೆವು. ಸಿಕ್ಕರು.' ಸರಿ ಇದೆ ಎಂದ ಟೀಚರ್ ಒಂದು ನಕ್ಷತ್ರ ಒತ್ತಿದರು.

ಬೀಗದವರ ಅಂಗಡಿ ನಡೆಯುವುದೇ ನಂಬಿಕೆಯ ಮೇಲೆ. ಜನ ತಮ್ಮ ಮನೆಯ ಬಾಗಿಲನ್ನೇ ಅವರ ಕೈಗೆ ಒಪ್ಪಿಸುತ್ತಾರೆ. ಭಾವ ಇಪ್ಪತ್ತು ವರ್ಷದಿಂದ ಕೆಟ್ಟ ಹೆಸರು ತಂದುಕೊಂಡವರಲ್ಲ. ತೆಗೆದುಬಿಡು ಎಂದರು. ಈಕೆ ಆಗಲ್ಲ ಎಂದಳು. ಭಾವ ಸಿಟ್ಟಿನವರು, ಆದರೆ ಮಾತಿಗೆ ತಪ್ಪುವವರಲ್ಲ. ಪರದೆ ಆರಿಸಲಿಲ್ಲ, ಗೋಡೆಗೆ ತಿರುಗಿಸಿದರು. "ಆರಿಸಬಾರದು ಅಂತ ಬರೆದಿದ್ದೀಯ. ತಿರುಗಿಸಬಾರದು ಅಂತ ಎಲ್ಲಿದೆ ತೋರಿಸು," ಎಂದರು. ಅಷ್ಟಕ್ಕೇ ಬಿಡದೆ ಗಿರಾಕಿಗಳ ನಂಬರು ಕೊಡುವುದನ್ನೂ ನಿಲ್ಲಿಸಿದರು. ಏಳು ಹೊಸ ಮಾತು ಬಂದಿದ್ದರೆ ಆ ಒಂದು ನಕ್ಷತ್ರ ತಾನಾಗಿ ಪರದೆಯಿಂದ ಇಳಿದು ಹೋಗುತ್ತಿತ್ತು. ಈಗ ಹೊಸದು ಬಾರದೆ ಅದೇ ತಲೆಯ ಮೇಲೆ ಕೂತಿದೆ. ಇದನ್ನು ಹೇಳುವಾಗ ಈಕೆಗೆ ನಗು ಬರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ.

ಅವತ್ತು ಸಂಜೆ ಅಕ್ಕ ಫೋನು ಮಾಡಿದಳು. "ಹೊರಗಿನವಳು ಏನೋ ಅಂದ್ಲು ಅಂತ ನಿಮ್ಮ ಭಾವನ ಹೊಟ್ಟೆ ಮೇಲೆ ಹೊಡಿತೀಯಾ ಪುಟ್ಟಿ? ಒಂದು ತೆಗೆದ್ರೆ ನಿನ್ನ ಗಂಟೇನು ಹೋಗುತ್ತೆ?"

ಆಗಲೇ ಬಾಯಿಂದ ಬಂದದ್ದು ಹೀಟರಿನ ಕತೆ. ಅವತ್ತು ನೀನು ಓದಿ ಹೇಳಿದ ಸಾಲು ನನ್ನದೇ ಕಣೇ ಅಕ್ಕ, ಸುಟ್ಟ ಕಾಲು ನಿನ್ನದು, ಇನ್ನೊಂದು ಸಲ ನನ್ನಿಂದ ಆಗಲ್ಲ ಎಂದಳು. ಆ ಕಡೆಯಿಂದ ಫೋನು ಇಟ್ಟ ಶಬ್ದ. ಅಲ್ಲಿಂದ ಇಲ್ಲಿಯವರೆಗೆ ಅಕ್ಕ ಮಾತಾಡಿಲ್ಲ. ದಿನಕ್ಕೆ ಮೂರು ಸಲ ಮಾತಾಡಿಕೊಳ್ಳುತ್ತಿದ್ದವರು. ಅರವತ್ತು ಫೋನು ಮಾಡುವವಳಿಗೆ ಬರಬೇಕಾದ ಆ ಒಂದು ಫೋನು ಬರುತ್ತಿಲ್ಲ.

ಬೀದಿಯವರೆಲ್ಲ ಇದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಾರೆ. ಹಾಸಿಗೆ ಅಂಗಡಿಯ ಯಜಮಾನ ಹೋದ ವರ್ಷ ಬೆನ್ನುನೋವಿನ ರಿವ್ಯೂ ಒಂದಕ್ಕಾಗಿ ಇವಳೊಡನೆ ಕೋಳಿ ಜಗಳ ಆಡಿದ್ದ. "ನನ್ನದು ತೆಗೆಯಲ್ಲ ಅಂದಿದ್ರಲ್ಲ ಮೇಡಂ, ಭಾವಂದು?" ಎಂದು ಕೆಣಕಿದ. ಈಕೆ ಫೋನು ತೆಗೆದು ಭಾವನ ಅಂಗಡಿಯ ಪುಟ ತೋರಿಸಿದಳು. ಓದಿದ, ಇನ್ನೊಮ್ಮೆ ಓದಿದ, ಫೋನು ಹಿಂದಕ್ಕೆ ಕೊಟ್ಟ. "ತೆಗೆದಿದ್ರೆ ನಾನು ಅವತ್ತೇ ಕರಾರು ಹರಿದು ಹಾಕ್ತಿದ್ದೆ," ಎಂದು ಈಗ ಹೇಳುತ್ತಾನೆ.

ಗಂಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾನೆ. ಅಕ್ಕತಂಗಿಯರ ನಡುವೆ ತಲೆ ಹಾಕಬಾರದೆಂಬ ಬುದ್ಧಿ ಅವನಿಗಿದೆ. "ನಾನು ಮಾಡೋ ಕಾಫಿಗೆ ಇವತ್ತಿನವರೆಗೂ ಮೂರಕ್ಕಿಂತ ಜಾಸ್ತಿ ಕೊಟ್ಟವಳಲ್ಲ," ಎನ್ನುತ್ತಾನೆ. "ಭಾವನಿಗೆ ಸುಳ್ಳು ಹೇಳ್ತಾಳಾ?" ಆದರೆ ಈಚೆಗೆ ಊಟದ ಹೊತ್ತಿನಲ್ಲೂ ಫೋನು ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಮಗಳು ದೊಡ್ಡಮ್ಮನ ಮನೆಗೆ ಯಾವಾಗ ಹೋಗೋದು ಎಂದು ಕೇಳಿದರೆ ಈಕೆ ಫೋನು ತಿರುವಿ ನೋಡುತ್ತಾಳೆ.

ಮರುದಿನ ಮತ್ತೆ ಐದೂ ಮುಕ್ಕಾಲು. ಈ ಸಲ ಇಣುಕಬೇಕಾಗಿಲ್ಲ. ಬೀದಿಯ ತಿರುವಿನಲ್ಲಿ ಆಕೆ ಗಕ್ಕನೆ ನಿಲ್ಲುತ್ತಾಳೆ. ಬೀಗದ ಅಂಗಡಿಯ ಮುಂದಿನ ಕಲ್ಲುಹಾಸಿನ ಮೇಲೆ ಜಾಲರಿಯ ನೆರಳು ಬಿದ್ದಿದೆ. ಪರದೆ ಬೀದಿ ನೋಡುತ್ತಿದೆ. ಮೇಲಿನ ಸಾಲಿನಲ್ಲಿ ಟೀಚರ್ ಮಾತು, ಒಂದು ನಕ್ಷತ್ರ, ಎಲ್ಲರಿಗೂ ಕಾಣುವ ಹಾಗೆ. ನೋಡುತ್ತಿರುವಾಗಲೇ ಕೈಯಲ್ಲಿದ್ದ ಫೋನು ಹೊಡೆದುಕೊಳ್ಳುತ್ತದೆ.

"ಎದ್ದಿದ್ದೀಯಾ?" ಅಕ್ಕನ ದನಿ. "ನಿಮ್ಮ ಭಾವ ಆ ಟೀಚರ್ ಮಾತಿಗೆ ಏನೋ ಉತ್ತರ ಹೇಳ್ತಾರಂತೆ. ನಿನ್ನ ಹತ್ರ ಮಾತಾಡೋಕೆ ಬಿಗುಮಾನ. ನಾನು ಹೇಳ್ತೀನಿ, ಬರ್ಕೋ."

ಷಟರಿಗೆ ಒರಗಿ ಆಕೆ ಬರೆದುಕೊಳ್ಳುತ್ತಾಳೆ. ಹಿಂದಿನಿಂದ ಭಾವನ ಗೊಣಗಾಟ, ಮುಂದೆ ಅಕ್ಕನ ಮಾತು. ನಡುವೆ ಅಕ್ಕ ಗಂಡನನ್ನೇ ಗದರುತ್ತಾಳೆ: "ಚಿಲಕಕ್ಕೆ ದುಡ್ಡು ತಗೊಂಡಿಲ್ಲ ಅನ್ನೋದು ಬೇಡ ಬಿಡಿ, ಅದು ಹೇಳ್ಕೊಳ್ಳೋ ವಿಷಯಾನಾ?" ಬರೆದು ಮುಗಿಯುತ್ತದೆ. ಅರವತ್ತು ಜನಕ್ಕೆ ಹೇಳುವ ಮಾತನ್ನೇ ಅಕ್ಕನಿಗೂ ಹೇಳುತ್ತಾಳೆ. "ಓದಿ ಹೇಳ್ತೀನಿ, ಸರಿ ಇದೆಯಾ ನೋಡು."

"ಓದು."

"'ಬೀಗ ಹಾಕಿದ್ದು ನಾನೇ. ನಾಲ್ಕು ಸ್ಕ್ರೂ ಹಾಕಬೇಕಿತ್ತು, ಮೂರು ಹಾಕಿದೆ. ನಾಲ್ಕನೆಯದು ಚೀಲದಲ್ಲಿ ಇರಲಿಲ್ಲ. ನಾಳೆ ಬಂದು ಹಾಕೋಣ ಅಂದುಕೊಂಡು ಮರೆತೆ. ನಿನ್ನೆ ಹೋಗಿ ಹಾಕಿದ್ದೇನೆ. ಅಜ್ಜಿಯ ಕೈಗೆ ಎಟುಕದ ಎತ್ತರದಲ್ಲಿ ಇನ್ನೊಂದು ಚಿಲಕವನ್ನೂ ಹಾಕಿದ್ದೇನೆ. ತಪ್ಪಾಯಿತು.'"

ಆ ಕಡೆ ಪಿಸುಮಾತು. ಆಮೇಲೆ ಭಾವನ ದನಿ, ದೂರದಿಂದ: "ನಕ್ಷತ್ರ ಒಂದೇ ಇರುತ್ತಾ?"

"ಅವರು ಬದಲಾಯಿಸೋವರೆಗೂ ಒಂದೇ ಭಾವ."

"ಸರಿ, ಇರ್ಲಿ. ನಂಬರ್ ಪಟ್ಟಿ ಕೌಂಟರ್ ಮೇಲಿದೆ, ಹತ್ತು ಗಂಟೆಗೆ ಬಾ."

"ಸರಿ ಇದೆ ಪುಟ್ಟಿ, ಹಾಕು," ಎನ್ನುತ್ತಾಳೆ ಅಕ್ಕ. ಅಷ್ಟು ಹೇಳಿ ಫೋನು ಇಡುವುದಿಲ್ಲ. "ಹೀಟರ್ ವಿಷಯ ಫೋನಲ್ಲಿ ಬೇಡ. ಸಂಜೆ ಮನೆಗೆ ಬಾ."

"ಬೈತೀಯಾ?"

"ಬೈತೀನಿ."

ಬೀದಿ ಗುಡಿಸುವಾಕೆ ಹತ್ತಿರ ಬಂದು, ಏನಂತೆ ಎಂದು ಹುಬ್ಬು ಹಾರಿಸುತ್ತಾಳೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಕ್ಷತ್ರದಕ್ಕ ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾಳೆ.

"ಬೈತಾಳಂತೆ," ಎನ್ನುತ್ತಾಳೆ. "ಬೈಲಿ ಬಿಡು. ಮಾತಾಡಿದ್ಲಲ್ಲ."