ಹೆಗಲಿಗೆ ಬಿದ್ದ ಬೈರಾಸು

ಮೊನ್ನೆ ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದವರು ಹೆಗಲ ಮೇಲಿನ ಟವೆಲನ್ನು, ನಮ್ಮ ಕಡೆಯ ಬೈರಾಸನ್ನು, ಕೊಡವಿದರು. ಅದರಲ್ಲಿದ್ದ ನಶ್ಯದ ಪುಡಿ ನೇರ ನನ್ನ ಮೂಗಿಗೆ ಬಂತು. ನನ್ನ ಮೂಗೋ, ನನಗಿಂತ ಮೊದಲು ಊರು ಸೇರುವಂಥದು. ಸೀನಿನ ಮೇಲೆ ಸೀನು. ಕಣ್ಣೊರೆಸಿಕೊಳ್ಳುವಾಗ ನಮ್ಮ ಮಾಷ್ಟ್ರು ನೆನಪಾದರು...

ಅವರ ಕೆಂಪು ಬೈರಾಸಿಗೂ ಇದೇ ವಾಸನೆ. ಬಾರ್ಕೂರಿನ ಹತ್ತಿರದ ನಮ್ಮ ಶಾಲೆಯಲ್ಲಿ ಅವರು ಪಾಠವನ್ನು ತಾಳಮದ್ದಲೆಯಂತೆ ನಡೆಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಎದುರುಬದುರು ಕೂತು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದಿಸಬೇಕು. ಬೈರಾಸು ಯಾರ ಹೆಗಲಿಗೆ ಬಿತ್ತೋ ಅವರು ಪಾತ್ರ. ಭೂಗೋಳದ ದಿನ ನಾನು ಹೊಳೆಯಾದೆ, ತ್ರಾಸಿಯ ಹುಡುಗನೊಬ್ಬ ಕಡಲಾದ. ಅಳಿವೆಯಲ್ಲಿ ಮರಳು ತುಂಬಿದ್ದು ಯಾರಿಂದ ಎಂದು ನಾವು ಜಗಳಾಡಿದ ಆ ಪಾಠ ಇವತ್ತಿಗೂ ಮರೆತಿಲ್ಲ. ಕಟ್ಟುಪಾಡು ಒಂದೇ: ಕೊಟ್ಟ ಪಾತ್ರದ ಪರವಾಗಿ ಕೊನೆಯವರೆಗೂ ನಿಲ್ಲಬೇಕು. ಅರ್ಧದಲ್ಲಿ ಬಿಟ್ಟರೆ ಮರ್ಯಾದೆ ಹೋಯಿತು.

ಎರಡನೇ ಮಹಾಯುದ್ಧ ಶುರುವಾದ ಹೊಸತರಲ್ಲಿ ಅಪ್ಪಯ್ಯ ನನ್ನನ್ನು ಶಾಲೆ ಬಿಡಿಸಲು ಬಂದರು. ಬೊಂಬಾಯಿಯಲ್ಲಿ ಮಾವನ ಹೋಟೆಲಿತ್ತು. ಕಪ್ಪು ಬಸಿ ತೊಳೆಯಲು ಜನ ಬೇಕಿತ್ತು.

“ಊರೋರ್ನ ಅಣಕ್ಸುದ್ ಬಿಟ್ರೆ ಇವ ಎಂತ ಕಲ್ತಿದ್ದ ಮಾಷ್ಟ್ರೇ?” ಎಂದರು.

ಅದು ನಿಜವೇ. ನನ್ನ ಸ್ವಂತ ದನಿ ಯಾವುದೆಂದು ನನಗೂ ಗೊತ್ತಿರಲಿಲ್ಲ. ಓದಬೇಕೆಂಬ ಆಸೆ ಅಪ್ಪಯ್ಯನ ಎದುರು ಹೊರಬರುತ್ತಿರಲಿಲ್ಲ... ಊರಿನ ತಾಳಮದ್ದಲೆಯಲ್ಲಿ ಅಪ್ಪಯ್ಯ ವಾದಕ್ಕೆ ಕೂತರೆ ಎದುರಿನವರು ಕುಡಿಯಲು ನೀರು ಕೇಳುತ್ತಿದ್ದರು. ಅವರು ಸೋತದ್ದನ್ನು ಯಾರೂ ಕಂಡಿರಲಿಲ್ಲ.

ಮಾಷ್ಟ್ರು ಒಂದು ಚಿಟಿಕೆ ನಶ್ಯ ಏರಿಸಿ, ಬೈರಾಸನ್ನು ಅಪ್ಪಯ್ಯನ ಹೆಗಲಿಗೆ ಹಾಕಿದರು.

“ಹ್ವಾಯ್, ಹಂಗಾರೆ ನೀವ್ ಮಗ, ಅವ ಅಪ್ಪ. ಕೂಕಣಿ. ಗೆದ್ದೋರ್ ಹೇಳ್ದಂಗೇ ಆಗ್ಲಿ.”

ಇಡೀ ತರಗತಿಯ ಮುಂದೆ ಬೈರಾಸು ತೆಗೆದಿಡುವುದು ಅಪ್ಪಯ್ಯನಿಂದ ಆಗುವ ಕೆಲಸವಲ್ಲ. ಕೂತರು. ನಾನೂ ಅವರಂತೆಯೇ ಮೊಣಕಾಲ ಮೇಲೆ ಕೈಯೂರಿ, ಅವರಂತೆಯೇ ಗಂಟಲು ಕೆರೆದೆ. ಹುಡುಗರು ಬಾಯಿಗೆ ಅಂಗಿ ತುರುಕಿಕೊಂಡರು.

“ಏ ಮಾಣಿ, ಬೊಂಬಾಯಿಗ್ ಹೋಪುಕೆ ಎಂತ ನಿಂಗೆ? ಓದ್ದೋರೆಲ್ಲ ಎಂತ ಕಡ್ದ್ ಗುಡ್ಡೆ ಹಾಕಿದ್ರ್?” ಎಂದೆ.

ಅಪ್ಪಯ್ಯ ಮೊದಲು ನಕ್ಕರು. ಆಮೇಲೆ ಹುಬ್ಬು ಗಂಟಾಯಿತು. ಪಾತ್ರ ಹಿಡಿಯಿತು. ಮಗನಾಗಿ ನನ್ನತ್ತ ತಿರುಗಿ ಹೇಳಿದರು:

“ಅಪ್ಪಯ್ಯಾ, ಕಪ್ ತೊಳುದ್ ನಾಳೆಯೂ ಇತ್ತ್, ನಾಡ್ದೂ ಇತ್ತ್. ಈ ಪ್ರಾಯ ನಾಡ್ದ್ ಇತ್ತಾ? ನೀವೂ ಸಣ್ಣದ್ರಲ್ಲೇ ಶಾಲೆ ಬಿಟ್ರಿ. ಇವತ್ತಿಗೂ ಒಂದ್ ಇಂಗ್ಲೀಷ್ ಕಾಗ್ದ ಬಂದ್ರೆ ಕಂಡೋರ ಮನಿ ಬಾಗ್ಲಲ್ಲಿ ನಿಂತ್ಕಂತ್ರಿ. ನಂಗೂ ಹಂಗೇ ಆಯ್ಕಾ?”

ಹೇಳಿ ಮುಗಿಸಿ ಅಪ್ಪಯ್ಯ ಬೈರಾಸಿನ ತುದಿಯಿಂದ ಮುಖ ಒರೆಸಿಕೊಂಡರು. ಹುಡುಗರು ಬಾಯಿಯಿಂದ ಅಂಗಿ ತೆಗೆದರು. ನಾನು ಮೊಣಕಾಲ ಮೇಲಿನ ಕೈ ತೆಗೆದು ಸೋಲೊಪ್ಪಿದೆ. ಅಷ್ಟು ಸುಖವಾಗಿ ನಾನು ಸೋತದ್ದು ಅದೊಂದೇ ಸಲ.

ಅಪ್ಪಯ್ಯ ಎದ್ದು ಬೈರಾಸನ್ನು ಮಡಚಿ ಕೊಟ್ಟರು. “ಎಂತ ಮಾಷ್ಟ್ರೇ, ನನ್ನನ್ನೇ ನನ್ ಮೇಲ್ ಬಿಟ್ರಿ ಅಲ್ದಾ?”

“ನಿಮ್ಮನ್ ಗೆಲ್ಲುಕೆ ಊರಲ್ಲ್ ಬೇರೆ ಯಾರಿದ್ರ್?” ಎಂದರು ಮಾಷ್ಟ್ರು.

ಈಗ ನಾನೂ ಮಾಷ್ಟ್ರು. ಹೆಗಲಿಗೆ ಕೆಂಪು ಬೈರಾಸು ಇದೆ. ನಶ್ಯ ಮಾತ್ರ ಒಗ್ಗಲಿಲ್ಲ. ನಮ್ಮ ಮಾಷ್ಟ್ರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಊರವರೆಲ್ಲರ ದನಿ ತೆಗೆಯುವ ನನಗೆ ಅವರದೊಂದು ಬರುವುದಿಲ್ಲ...

ಹಾಲಾಡಿಯಿಂದ ಬಂದ ಮರುದಿನ, ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬಳು ಹುಡುಗಿಯ ಹೆಗಲಿಗೆ ಬೈರಾಸು ಹಾಕಿ, “ಇವತ್ ನೀನೇ ಮಾಷ್ಟ್ರು” ಎಂದೆ. ಅವಳು ಮೆಲ್ಲನೆ ಮುಂದೆ ಬಂದಳು. ತನಗಿಲ್ಲದ ಉದ್ದ ಮೂಗನ್ನು ನನ್ನಂತೆಯೇ ಸವರಿಕೊಂಡಳು. ತರಗತಿ ಬಿದ್ದು ಬಿದ್ದು ನಕ್ಕಿತು.

ನಾನು ಹೋಗಿ ಅವಳ ಜಾಗದಲ್ಲಿ ಕೂತೆ. ಮಾಷ್ಟ್ರ ಎದುರು ಕೂತು ಬಹಳ ಕಾಲವಾಗಿತ್ತು.